ಅಣ್ಣನ ಹಳದಿ ಚೀಟಿ

ನನ್ನ ಅಣ್ಣ ಸದಾನಂದ ಯಾವ ಕಾಗದವನ್ನೂ ಮೊದಲ ಪುಟದಿಂದ ಓದಿದವನಲ್ಲ. ಕೊನೆಯ ಪುಟ ತೆಗೆದು, ಸಾಲಿನ ಕೆಳಗೆ ಸ್ಟೀಲಿನ ಸ್ಕೇಲ್ ಇಟ್ಟು, ಹಿಂದಿನಿಂದ ಮುಂದಕ್ಕೆ ಬರುತ್ತಿದ್ದ. "ಮೊದಲ ಪುಟದಲ್ಲಿ ಎಲ್ಲರೂ ಒಳ್ಳೆಯವರೇ ಮಾರಾಯ" ಎನ್ನುತ್ತಿದ್ದ.

ಅಬುಧಾಬಿಯ ಒಂದು ಸಲಹಾ ಕಂಪನಿಯಲ್ಲಿ ಅವನು ದಾಖಲೆಗಳ ಗುಮಾಸ್ತ, ನಾನು ಡ್ರೈವರ್. ನನ್ನನ್ನು ಊರಿನಿಂದ ಕರೆಸಿಕೊಂಡದ್ದೂ ಅವನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕಂಪನಿಯ ಕೆಲಸ ಏನೆಂದು ಅವನು ತಿಳಿಸಿದ್ದು ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ. ಬಡ ದೇಶದ ಸರ್ಕಾರಕ್ಕೆ ನೀರಿನ ಪೈಪು ಹಾಕುವ ಶಕ್ತಿ ಇರುವುದಿಲ್ಲ. ಖಾಸಗಿಯವರು ಹಾಕುತ್ತಾರೆ, ಇಪ್ಪತ್ತೈದು ವರ್ಷ ನೀರು ಮಾರುತ್ತಾರೆ, ಆಮೇಲೆ ಬಿಟ್ಟುಕೊಡುತ್ತಾರೆ. ಆ ಕರಾರನ್ನು ಸರ್ಕಾರದ ಪರವಾಗಿ ಬರೆದುಕೊಡುವವರು ನಮ್ಮವರು.

"ಹಾಗಾದ್ರೆ ಸರ್ಕಾರಕ್ಕೆ ಎಂತ ಕೆಲಸ ಅಣ್ಣ?"

ಅವನು ಒಂದು ಅಂಜಲ್ ಮೀನಿನ ಕಿವಿರು ಎತ್ತಿ ತೋರಿಸಿದ. "ಇದು. ಕೊಳ್ಳುವವ ಕಿವಿರು ಎತ್ತಿ ನೋಡ್ಬೇಕು. ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರೆ ಅದು ಸರ್ಕಾರ ಅಲ್ಲ, ಮಾವನ ಮನೆಗೆ ಬಂದ ಹೊಸ ಅಳಿಯ."

"ನೋಡಿದ್ದು ಸಾಕು ಸದಣ್ಣ, ಮೀನಿಗೂ ನಾಚಿಕೆ ಆಗ್ತದೆ" ಎಂದ ನಮ್ಮೂರ ಕಡೆಯವನೇ ಆದ ಅಂಗಡಿಯ ಬ್ಯಾರಿ.

ಆಫ್ರಿಕಾದ ಒಂದು ದೇಶದ ಅಧಿಕಾರಿ ಅಂಥದೇ ಕರಾರಿಗೆ ಸಹಿ ಹಾಕಲು ಬಂದು ಖಾಲಿದಿಯಾ ಬಡಾವಣೆಯ ಹೋಟೆಲಿನಲ್ಲಿ ಇಳಿದಿದ್ದರು. ಬಡವರ ಕೇರಿಯ ನಲ್ಲಿಗಳನ್ನು ಕಂಪನಿ ಮುಚ್ಚಿದರೆ ಸರ್ಕಾರವೇ ತೆರೆಸಬಹುದು ಎಂಬ ಮಾತು ಮೊದಲಿನ ಪ್ರತಿಯಲ್ಲಿತ್ತು. ಕೊನೆಯ ಪ್ರತಿಯಲ್ಲಿ ಇರಲಿಲ್ಲ. ಅಣ್ಣ ಮ್ಯಾನೇಜರರನ್ನು ಕೇಳಿದ. "ನಿನ್ನ ಕೆಲಸ ಪುಟ ಹೊಲಿಯುವುದು" ಎಂದರಂತೆ.

ಸಹಿಯ ಜಾಗಗಳಿಗೆ ಕೆಂಪು ಚೀಟಿ ಅಂಟಿಸುವುದು ಪದ್ಧತಿ. ಅಧಿಕಾರಿಗಳು ಚೀಟಿ ಇದ್ದಲ್ಲಿ ಮಾತ್ರ ಪುಟ ತೆರೆಯುತ್ತಾರೆ. ಅಣ್ಣ ಆ ಮಾತು ಬಿಟ್ಟುಹೋದ ಪುಟಕ್ಕೆ ಒಂದು ಹಳದಿ ಚೀಟಿ ಅಂಟಿಸಿ, ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು, ಹೊಲಿದ ಕರಾರಿನ ಪುಸ್ತಕವನ್ನು ನನಗೆ ಕೊಟ್ಟ. "ಇದು ಉದುರದ ಹಾಗೆ ಅವರ ಕೈಗೇ ಕೊಡು, ಆಯ್ತಾ?"

ನನ್ನ ಹೆಂಡತಿಯ ವೀಸಾ ಅರ್ಜಿ ಆ ವಾರ ಅದೇ ಮ್ಯಾನೇಜರರ ಮೇಜಿನ ಮೇಲಿತ್ತು. ಹೋಟೆಲಿನ ಎದುರು ಕಾರು ನಿಲ್ಲಿಸಿ, ಎರಡು ಬೆರಳಿನಲ್ಲಿ ಆ ಚೀಟಿ ಕಿತ್ತೆ. ಸದ್ದೂ ಆಗಲಿಲ್ಲ. ಪುಸ್ತಕವನ್ನು ಅವರ ಕೈಗೇ ಕೊಟ್ಟೆ. ಮರುದಿನ ಬೆಳಿಗ್ಗೆ ಸಹಿ ಆಯಿತು, ತಿಂಗಳೊಳಗೆ ವೀಸಾ ಬಂತು.

ಕೆಲವು ವರ್ಷಗಳ ನಂತರ ಅಣ್ಣ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅದೇ ದೇಶದ ಒಂದು ಕೇರಿ, ಬೀಗ ಹಾಕಿದ ನಲ್ಲಿ, ಕ್ಯಾನು ಹಿಡಿದು ಸಾಲು ನಿಂತ ಹೆಂಗಸರು. "ಚೀಟಿ ನೋಡಿಯೂ ಸಹಿ ಹಾಕಿದ್ರಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಖಲಾಸ್, ಇನ್ನು ಓದಿ ಎಂತ ಮಾಡ್ಲಿಕ್ಕುಂಟು?"

ಆಗ ಹೇಳಬಹುದಿತ್ತು. ಊಟ ಬಡಿಸಿದೆ.

ಅಂದಿನಿಂದ ಅವನು ಪುಟ ಹೊಲಿದ, ಅಷ್ಟೆ. ಒಂದು ದಿನ ಕೆಲಸ ಬಿಟ್ಟ. ವಿಮಾನ ನಿಲ್ದಾಣದಲ್ಲಿ ಸ್ಕೇಲನ್ನು ನನ್ನ ಕೈಗಿಟ್ಟು, "ಅವತ್ತು ಅವರ ಕೈಗೇ ಕೊಟ್ಟೆಯಲ್ಲ?" ಎಂದು ಕೇಳಿದ.

"ಕೈಗೇ ಕೊಟ್ಟೆ ಅಣ್ಣ."

"ನಿನ್ನದೇನೂ ತಪ್ಪಿಲ್ಲ ಬಿಡು" ಎಂದು ಬೆನ್ನು ತಟ್ಟಿ ಒಳಗೆ ಹೋದ. ಊರಿನಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೀರಿಕೊಂಡ. ಕಡೆಯವರೆಗೂ ಪೇಪರ್ ಕೂಡ ಓದುತ್ತಿರಲಿಲ್ಲ ಎಂದು ಅತ್ತಿಗೆ ಹೇಳಿದರು.

ಚೀಟಿಯನ್ನು ನಾನು ಎಸೆದಿರಲಿಲ್ಲ. ಲೈಸೆನ್ಸಿನ ಹಿಂದೆ ಇಟ್ಟುಕೊಂಡಿದ್ದೆ. ಮೊನ್ನೆ ಮಗಳು ಅದನ್ನು ಎಳೆದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಅರ್ಥ ಕೇಳಿದೆ, ತಡವರಿಸುತ್ತ ಹೇಳಿದಳು: "ಸರ್, ಇಲ್ಲಿದ್ದ ಒಂದು ಮಾತು ಈಗ ಇಲ್ಲ. ಸಹಿಯ ಮೊದಲು ದಯವಿಟ್ಟು ಕೇಳಿ."

ಆಮೇಲೆ ನನ್ನ ಮುಖ ನೋಡಿದಳು. "ಅವರು ಕೇಳಿದ್ರಾ ಪಪ್ಪಾ?"