ಉಜ್ಜನಪ್ಪನ ತೊಟ್ಟಿಯ ಮುಚ್ಚಳ

ಉಜ್ಜನಪ್ಪನಿಗೆ ಮೆಕ್ಯಾನಿಕ್ ಅನ್ನಿಸಿಕೊಳ್ಳುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಹತ್ತಿ ಅಂಗಡಿಯ ಗಾದಿಗೆ ಒರಗಿಕೊಂಡು, ಬಂದವರಿಗೆಲ್ಲ ಬುದ್ಧಿ ಹೇಳುವುದೇ ಅವನ ಉದ್ಯೋಗವಾಗಿತ್ತು. ಹತ್ತಿಯ ಒಂದು ಅಂಡಿಗೆಯನ್ನಾದರೂ ಅವನು ಕೈಯಾರೆ ಬಿಚ್ಚಿದ್ದನ್ನು ಹೆಂಡತಿ ಸರ್ವಮಂಗಳಮ್ಮ ಕಂಡವಳಲ್ಲ. ಮಾಯಕೊಂಡದ ಕಡೆಯ ಬಾವಿಗಳ ಮೇಲೆಲ್ಲ ಎಣ್ಣೆ ಎಂಜಿನ್‌ಗಳು ಕೂತು ಟಕಟಕ ಎನ್ನತೊಡಗಿದಾಗ ಈ ಪುಣ್ಯಾತ್ಮನಿಗೂ ಒಂದು ವರ್ಕ್‌ಶಾಪ್ ಬೇಕೆನಿಸಿತು. ಹಿತ್ತಲಿನ ಕೊಟ್ಟಿಗೆಯಿಂದ ದನಗಳನ್ನು ಹೊರಗೆ ಹಾಕಿ, ಮೇಲೆ ತಗಡು ಹೊದಿಸಿ, ಖಾಕಿ ಅಂಗಿ ಹೊಲಿಸಿಕೊಂಡ.

ಕೆಲಸ ಮಾಡುತ್ತಿದ್ದವನು ಮಕ್ತುಮ್ ಸಾಬ್. ಎಂಜಿನ್ ಬಿಚ್ಚುವುದು, ಜಿಡ್ಡು ತೊಳೆಯುವುದು, ಮತ್ತೆ ಜೋಡಿಸುವುದು ಎಲ್ಲವೂ ಅವನದೇ. ಎಂಜಿನ್ ಶುರುವಾದ ಮೇಲೆ ಗಿರಾಕಿಯ ಮುಂದೆ ಸ್ಪ್ಯಾನರ್ ಹಿಡಿದು ನಿಲ್ಲುವುದು ಮಾತ್ರ ಉಜ್ಜನಪ್ಪನ ಪಾಲಿನ ದುಡಿಮೆ. ಸಾಮಾನು ತೊಳೆಯಲು ಅವನೇ ಒಂದು ತೊಟ್ಟಿ ಮಾಡಿಸಿದ್ದ. ಮದುವೆಮನೆಯ ಪರಾತದಷ್ಟು ಅಗಲ, ಆಳವೋ ಗೇಣುದ್ದವಿಲ್ಲ. ಅದರ ತುಂಬ ಪೆಟ್ರೋಲು ಸುರಿದು, ಕಾದ ತಗಡಿನ ಕೆಳಗೆ ಬಾಯ್ದೆರೆದು ಇಟ್ಟಿದ್ದ. ಬೇಸಿಗೆ ಬಂದದ್ದೇ ಪೆಟ್ರೋಲು ದಿನದಿನಕ್ಕೆ ಇಳಿಯತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ತೊಟ್ಟಿಯನ್ನು ನೋಡುತ್ತಿದ್ದರು. ಉಜ್ಜನಪ್ಪ ಮಕ್ತುಮ್ ಸಾಬ್‌ನನ್ನು ನೋಡಿದ. ಮನೆಯೊಳಗೇ ಬೈದಿದ್ದರೆ ಅದು ಬೇರೆ ಮಾತು. ಮಂಡಿಪೇಟೆಯ ನಡುಬೀದಿಯಲ್ಲಿ ನಿಂತು, ಪೆಟ್ರೋಲು ಕದ್ದು ಮಾರುತ್ತಾನೆ ಎಂದು ಹೇಳಿ ಅವನನ್ನು ಓಡಿಸಿದ. ಅಂಥ ಹೆಸರು ಬಂದವನಿಗೆ ಎಂಜಿನ್ ಬಿಚ್ಚಲು ಯಾರು ಕೊಡುತ್ತಾರೆ? ಮಕ್ತುಮ್ ಸಾಬ್ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅಂಡಿಗೆ ಹೊರತೊಡಗಿದ. ಮಧ್ಯಾಹ್ನದ ಹೊತ್ತು ಸರ್ವಮಂಗಳಮ್ಮನ ಜೊತೆ ಕೂತು ಕೌದಿ ಹೊಲಿಯುತ್ತಿದ್ದ ಅವನ ಹೆಂಡತಿ ಅಮೀನಾಬೀ ಆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟಳು. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಮಡಚಿಟ್ಟಂತೆಯೇ ಇತ್ತು. ಅದನ್ನು ಕಂಡಾಗಲೆಲ್ಲ ಸರ್ವಮಂಗಳಮ್ಮನಿಗೆ ಗಂಡನ ಮುಖ ನೋಡಲು ಅಸಹ್ಯವಾಗುತ್ತಿತ್ತು.

ಮಕ್ತುಮ್ ಸಾಬ್ ಹೋದರೂ ಪೆಟ್ರೋಲು ಇಳಿಯುವುದು ನಿಲ್ಲಲಿಲ್ಲ. ಅವನೇ ರಾತ್ರಿ ಕಿಟಕಿಯಿಂದ ಬರುತ್ತಾನೆ ಎಂದು ಉಜ್ಜನಪ್ಪ ಕಿಟಕಿಗೆ ಸರಳು ಹಾಕಿಸಿದ. ಆಮೇಲೆ ಒಂದು ದಿನ ತೊಟ್ಟಿಯ ಒಳಮೈಗೆ ಮೊಳೆಯಿಂದ ಗೆರೆ ಕೊರೆದು, ಒಳಗಿನಿಂದ ಚಿಲಕ ಹಾಕಿಕೊಂಡು ಕಾವಲಿಗೆ ಕೂತ. ಸಂಜೆ ಪೆಟ್ರೋಲಿನ ವಾಸನೆಗೆ ಕಣ್ಣು ಕೆಂಪಗಾಗಿ ತಲೆ ತಿರುಗಿ ಹೊರಬಿದ್ದ. ಸರ್ವಮಂಗಳಮ್ಮ ನೀರು ಕೊಟ್ಟು ಒಳಗೆ ಇಣುಕಿದಳು. ಪೆಟ್ರೋಲು ಗೆರೆಯಿಂದ ಬೆರಳಗಲ ಕೆಳಗಿತ್ತು.

ಇನ್ನಾದರೂ ಇವನು ತಪ್ಪಾಯಿತು ಎನ್ನಲು ಮಕ್ತುಮ್ ಸಾಬ್‌ನ ಮನೆಗೆ ಹೋಗುತ್ತಾನೆ ಎಂದುಕೊಂಡಳು. ಅವನು ಹೋದದ್ದು ತಗಡಿನ ಅಂಗಡಿಗೆ. ತೊಟ್ಟಿಗೆ ಸರಿಯಾಗಿ ಕೂರುವ ಮುಚ್ಚಳ ಮಾಡಿಸಿ, ಗಾಳಿಯಾಡದಂತೆ ಅಂಚಿಗೆ ಹಳೇ ಕಂಬಳಿಯ ಪಟ್ಟಿ ಬಡಿದ. ತೊಟ್ಟಿಯನ್ನು ಹಿತ್ತಲ ಗೋಡೆಯ ನೆರಳಿಗೆ ಎಳೆಸಿ, ಸುತ್ತ ಒದ್ದೆ ಗೋಣಿ ಸುತ್ತಿದ. ತೊಳೆದ ಸಾಮಾನು ತೊಟ್ಟಿಯ ಮೇಲೇ ಸೋರಲಿ ಎಂದು ಒಂದು ಜಾಲರಿಯನ್ನೂ ಕೂರಿಸಿದ. ಪೆಟ್ರೋಲು ನಿಂತಲ್ಲೇ ನಿಂತಿತು. ಜೀವನದಲ್ಲಿ ಅವನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು, ಅದನ್ನೂ ಯಾರಿಗೂ ಹೇಳದೆ ಕಳ್ಳನಂತೆ ಮಾಡಿದ.

ಆದರೆ ಬಡಾಯಿ ಎಷ್ಟು ದಿನ ಹೊಟ್ಟೆಯಲ್ಲಿ ನಿಲ್ಲುತ್ತದೆ? ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಕರಿಬಸವರಾಜ ಪೇಟೆಯ ನಾಲ್ಕು ಮಂದಿಯೊಂದಿಗೆ ಬಂದಾಗ ಉಜ್ಜನಪ್ಪ ಮುಚ್ಚಳ ಎತ್ತಿ ಇಳಿಸಿ ತೋರಿಸಿದ. ಬಾಯಿ ತೆರೆದಿಟ್ಟರೆ ಪೆಟ್ರೋಲು ಗಾಳಿಗೆ ಹಾರಿಹೋಗುತ್ತದೆ, ಎಷ್ಟೋ ಹಾಳಾಗಿತ್ತು, ತನ್ನ ತಲೆಗಲ್ಲದೆ ಯಾರ ತಲೆಗೂ ಇದು ಹೊಳೆಯುತ್ತಿರಲಿಲ್ಲ ಎಂದು ಕೊಚ್ಚಿಕೊಂಡ. ಸರ್ವಮಂಗಳಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಂಗಾರೆ ಮಕ್ತುಮ್ ಸಾಬ್ ಕದ್ದಿದ್ದು ಯಾವ ಪೆಟ್ರೋಲು? ಪೇಟೆಯಾಗ ನಿಂತು ಹೇಳಿದ್ರಲ್ಲ, ಈಗ ಇವ್ರ ಮುಂದೂ ಹೇಳ್ರಿ," ಎಂದಳು.

ಉಜ್ಜನಪ್ಪ, ಅದು ಬೇರೆ ಇದು ಬೇರೆ, ಹೆಂಗಸರಿಗೆ ತಿಳಿಯುವಂಥದ್ದಲ್ಲ ಎಂದು ನಗಲು ನೋಡಿದ. ಯಾರೂ ನಗಲಿಲ್ಲ. ಕರಿಬಸವರಾಜ ಲೋಟ ಕೆಳಗಿಟ್ಟು, ಮಕ್ತುಮ್ ಸಾಬ್‌ನ ಮನೆ ಎಲ್ಲಿ ಎಂದು ಸರ್ವಮಂಗಳಮ್ಮನನ್ನೇ ಕೇಳಿದ. ಆ ವಾರವೇ ಮಕ್ತುಮ್ ಸಾಬ್ ಹರಿಹರದ ಗಿರಣಿಯ ಎಂಜಿನ್‌ಗೆ ಕೈಹಾಕಿದ. ಊರು ಬಿಡುವ ಮುಂಚೆ ಅಮೀನಾಬೀ ಬಂದು, ಸರ್ವಮಂಗಳಮ್ಮನ ಪಕ್ಕ ಕೂತು, ಕೌದಿ ಮುಗಿಸಿ ಹೋದಳು.

ಮರುದಿನ ಸರ್ವಮಂಗಳಮ್ಮ ಹಿತ್ತಲಿಗೆ ಹೋದರೆ ತೊಟ್ಟಿ ಮತ್ತೆ ಬಿಸಿ ತಗಡಿನ ಕೆಳಗೆ ಬಾಯ್ದೆರೆದು ಕೂತಿತ್ತು. ಮುಚ್ಚಳ ಕಸದ ಗುಂಡಿಯಲ್ಲಿ ಬಿದ್ದಿತ್ತು. ಉಜ್ಜನಪ್ಪ ಕುರ್ಚಿ ಹಾಕಿಕೊಂಡು ಪೆಟ್ರೋಲನ್ನೇ ದಿಟ್ಟಿಸುತ್ತಿದ್ದ. ಮುಚ್ಚಳ ಯಾಕೆ ತೆಗೆದಿರಿ ಎಂದು ಕೇಳಿದಳು.

"ಬ್ಯಾಡ ಅದು. ನೋಡ್ತಿರು, ಮತ್ತೆ ಕಡಿಮೆ ಆಗ್ತೈತೆ," ಎಂದ. "ಆ ಸಾಬ್ ಹರಿಹರದಿಂದ ಬಂದು ಒಯ್ತಾನೆ."