ಬಲಗೆನ್ನೆಗೆ ದಾಟಿದ ಮಚ್ಚೆ

ಕ್ರಾಪು ಬಾಚುವ ಹೊತ್ತು ಬಿಟ್ಟರೆ ನನ್ನ ಮುಖವನ್ನು ನಾನು ಸರಿಯಾಗಿ ನೋಡಿಕೊಂಡವನಲ್ಲ. ಬೇರೆಯವರ ಮುಖದ ಬಗ್ಗೆ ಕೇಳಿ, ಹೇಳುತ್ತೇನೆ. ನಮ್ಮ ರಸ್ತೆಯ ಪೋಸ್ಟ್‌ಮ್ಯಾನ್ ಹೆಸರು ಓದುವ ಮೊದಲು ತುಟಿಯನ್ನು ಎಷ್ಟು ಮುಂದೆ ತರುತ್ತಾರೆ, ಇತಿಹಾಸದ ಮೇಷ್ಟ್ರು ಯಾವ ರಾಜ ಸತ್ತಾಗ ಯಾವ ಹುಬ್ಬು ಏರಿಸುತ್ತಾರೆ, ಎಲ್ಲ ನನ್ನಲ್ಲಿ ಉಂಟು. ಇದನ್ನು ಗೆಳೆಯರು ಮಿಮಿಕ್ರಿ ಎನ್ನುತ್ತಾರೆ, ಅಮ್ಮ ಮಂಗಾಟ ಎನ್ನುತ್ತಾಳೆ. ಸ್ವಂತಕ್ಕೊಂದು ದನಿ ಇಲ್ಲದವನು ಹತ್ತು ಮನೆಯಿಂದ ಎತ್ತಿ ತಂದು ಮಾತಾಡುತ್ತಾನೆ ಎಂದು ನಾನೇ ಹೇಳಿಕೊಳ್ಳುವುದುಂಟು. ಬೇರೆಯವರು ಹೇಳುವ ಮೊದಲು ನಾವೇ ಹೇಳಿಬಿಟ್ಟರೆ ಚುಚ್ಚುವುದು ಸ್ವಲ್ಪ ಕಡಿಮೆ.

ಈ ಕಾಯಿಲೆ ಜೋರಾದದ್ದು ಎರಡು ವರ್ಷದ ಹಿಂದೆ, ಕುದ್ರೋಳಿಯ ನಮ್ಮ ಪಕ್ಕದ ಮನೆಯಲ್ಲಿ. ಆ ಮನೆಯ ಉಸ್ಮಾನ್ ಬ್ಯಾರಿಗಳು ನಮಗೆಲ್ಲ ಉಸ್ಮಾನಾಕ. ಅವರ ದೊಡ್ಡ ಮಗ ರಜೆಯಲ್ಲಿ ಬಂದವನು ದುಬಾಯಿಯಿಂದ ಒಂದು ಬಣ್ಣದ ಟೀವಿ, ಒಂದು ವಿಸಿಆರ್ ಮತ್ತು ಅಲ್ಲಿನ ಟೀವಿಯಿಂದ ರೆಕಾರ್ಡು ಮಾಡಿಕೊಂಡ ಕಾರ್ಟೂನ್ ಧಾರಾವಾಹಿಯ ಒಂದು ಚೀಲ ಕ್ಯಾಸೆಟ್ ತಂದಿಟ್ಟು ಹೋದ. ಗೊಂಬೆಗಳು ಮಾತಾಡುತ್ತಿದ್ದದ್ದು ಅರಬ್ಬಿ. ಅರ್ಥ ಹೇಳಿ ಎಂದರೆ ಉಸ್ಮಾನಾಕ ಗಡ್ಡ ನೀವಿಕೊಂಡು, "ನನಗೆ ಗೊತ್ತಿರುವುದು ಓದುವ ಅರಬ್ಬಿ. ಇವರದ್ದು ಜಗಳದ ಅರಬ್ಬಿ, ಅದು ನಮಗೆ ಕಲಿಸಲಿಲ್ಲ" ಎಂದುಬಿಟ್ಟರು. ಹಾಗಾಗಿ ಟೀವಿಯ ದನಿ ಪೂರ್ತಿ ಇಳಿಸಿ, ಪಕ್ಕದಲ್ಲಿ ನಿಂತು, ಅಷ್ಟೂ ಪಾತ್ರಗಳಿಗೆ ತುಳುವಿನಲ್ಲಿ ಬಾಯಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಇಡೀ ಓಣಿ ಸೇರುತ್ತಿತ್ತು.

ಆ ಕಾರ್ಟೂನು ಒಂದು ಸಂಸಾರದ ಕಥೆ. ಅಜ್ಜ, ಮಗ, ಸೊಸೆ, ಮೂರು ಮಕ್ಕಳು. ಎಲ್ಲರಿಗೂ ಒಂದೇ ಬದನೆಕಾಯಿ ಮೂಗು. ಬೇರೆ ಮನೆಯಿಂದ ಬಂದ ಸೊಸೆಗೂ ಅದೇ. ರಕ್ತಸಂಬಂಧ ಅಂತ ಏನಿಲ್ಲ, ಚಿತ್ರ ಬರೆಯುವವನಿಗೆ ಇನ್ನೊಂದು ಮೂಗು ಬರೆಯಲು ಉದಾಸೀನ. ನಮ್ಮನ್ನು ಮಾಡಿದವನದ್ದೂ ಅದೇ ಕಥೆಯೋ ಎಂದು ಒಂದೊಂದು ಮದುವೆ ಚಪ್ಪರದಲ್ಲಿ ನನಗೆ ಸಂಶಯ ಬರುತ್ತದೆ.

ಆದರೆ ಆ ಚಿತ್ರ ಬರೆಯುವವನಿಗೆ ಜ್ಞಾಪಕಶಕ್ತಿ ಮಾತ್ರ ಕಡಿಮೆ. ಒಂದು ವಾರ ಹಲ್ಲು ಬಿದ್ದ ಹುಡುಗಿಗೆ ಮರುವಾರ ಹಲ್ಲು ಪೂರ್ತಿ. ನೀಲಿ ಅಂಗಿ ಹಾಕಿ ಬಾಗಿಲು ದಾಟಿದ ಅಪ್ಪ ಅಂಗಳಕ್ಕೆ ಇಳಿಯುವಾಗ ಹಸುರು. ಎಲ್ಲಕ್ಕಿಂತ ದೊಡ್ಡದು ಅಜ್ಜನ ಎಡಗೆನ್ನೆಯ ಮಚ್ಚೆ. ಅದು ಒಂದು ಭಾನುವಾರ ಬಲಗೆನ್ನೆಗೆ ದಾಟಿತ್ತು. ಯಕ್ಷಗಾನದಲ್ಲಿ ವೇಷ ಕಟ್ಟುವವನು ಬದಲಾದರೂ ಮುಖದ ಮೇಲಿನ ಗೆರೆ ತಪ್ಪುವುದಿಲ್ಲ. ಕಂಪೆನಿ ನಾಟಕದಲ್ಲಿ ಕಳೆದುಹೋದ ಮಗನನ್ನು ತಾಯಿ ಗುರುತಿಸುವುದೇ ಮಚ್ಚೆಯಿಂದ. ಅದು ಹೀಗೆ ಕೆನ್ನೆಯಿಂದ ಕೆನ್ನೆಗೆ ಹೊರಟರೆ ಆ ತಾಯಿಯ ಗತಿ ಎಂತ? ಇಂಥ ತಪ್ಪು ಕಂಡ ಕೂಡಲೇ ನಾನು ಪಿಕ್ಚರು ನಿಲ್ಲಿಸಿ, ಪರದೆಗೆ ಬೆರಳಿಟ್ಟು ತೋರಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಅಜ್ಜನಿಗೆ ನಾನು ಕೊಟ್ಟದ್ದು ನನ್ನ ಸೋದರಮಾವನ ದನಿ. ವಿಠಲ ಮಾವ ನಮ್ಮ ಮನೆಯಲ್ಲೇ ಇರುವವರು, ಕೊಟ್ಟಾರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಾತಿಗೆ ಮೊದಲು ಬಿಸಿ ಚಾ ಹೀರಿದ ಹಾಗೆ 'ಸ್ಸ್' ಎಂದು ಒಂದು ಉಸಿರು ಒಳಗೆ ಎಳೆಯುತ್ತಿದ್ದರು. ವಾಕ್ಯದ ಕೊನೆಯ ಪದವನ್ನು, ಎಲ್ಲಿ ಬಿದ್ದುಹೋಗುತ್ತದೋ ಎಂಬಂತೆ, ಇನ್ನೊಮ್ಮೆ ಹೇಳುತ್ತಿದ್ದರು. "ಸ್ಸ್... ಇವತ್ತು ಬಂಗುಡೆ ಬರಲಿಲ್ಲ, ಬರಲಿಲ್ಲ." ಅದು ಅಜ್ಜನ ಬಾಯಿಗೆ ಹೊಲಿಸಿದ ಹಾಗೆ ಕೂತಿತು.

ಮಾವನೂ ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಜ್ಜ ಬಾಯಿ ತೆರೆದ ಮೊದಲ ದಿನ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಆಗ ಉಸ್ಮಾನಾಕನ ಹೆಂಡತಿ ಐಸಮ್ಮ ಬಾಗಿಲ ಸಂದಿಯಿಂದ, "ದನಿ ಮಾತ್ರವಾ? ಮೂಗು ಕೂಡ ನಮ್ಮ ವಿಠಲಣ್ಣಂದೇ" ಎಂದರು. ಇಪ್ಪತ್ತು ತಲೆಗಳು ಒಟ್ಟಿಗೆ ತಿರುಗಿದವು. ಮಾವ ಏನೋ ಉತ್ತರ ಕೊಡಲು ಹೊರಟು, 'ಸ್ಸ್' ಎಂದು ಉಸಿರು ಎಳೆದರು. ಅಷ್ಟೇ. ಮನೆ ಹಾರಿಹೋಗುವ ಹಾಗೆ ನಗು. ಎಳೆದ ಉಸಿರನ್ನು ಅವರು ಮೆಲ್ಲ ಹೊರಗೆ ಬಿಟ್ಟರು.

ಆಮೇಲೆ ಮೂರು ಭಾನುವಾರ ನಾನು ಹಲ್ಲು, ಅಂಗಿ, ಮಚ್ಚೆ ಹುಡುಕಿ ಚಪ್ಪಾಳೆ ತೆಗೆದುಕೊಂಡೆ. ಹಿಂದಿನ ಕುರ್ಚಿ ಖಾಲಿ ಬಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ಅಮ್ಮ, "ಅಣ್ಣನಿಗೆ ಎಂತ ಆಗಿದೆ? ಮಾತಾಡಿದರೆ ರೇಡಿಯೋ ವಾರ್ತೆಯ ಹಾಗೆ ಕೇಳ್ತದೆ" ಎಂದದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಹೋಟೆಲಿನ ಸಪ್ಲಾಯರ್ ಶೀನ ಬಸ್‌ಸ್ಟಾಪಿನಲ್ಲಿ ಸಿಕ್ಕಿ ಕೇಳಿದ: "ಮ್ಯಾನೇಜರಿಗೆ ಗಂಟಲು ಹುಷಾರಿಲ್ಲವಾ ಮಾರಾಯ? ಮೊದಲೆಲ್ಲ ಅವರ 'ಸ್ಸ್' ಕೇಳಿದರೆ ಅಡುಗೆಮನೆಯಲ್ಲಿದ್ದವ ಓಡಿ ಬರ್ತಿದ್ದ. ಈಗ ಯಾರೋ ಗಿರಾಕಿ ಅಂತ ನಾವು ಏಳುವುದೇ ಇಲ್ಲ."

ಮರುದಿನ ಮಧ್ಯಾಹ್ನ ಮೂರು ಗಂಟೆಗೆ, ಊಟದ ಗಲಾಟೆ ಮುಗಿದ ಮೇಲೆ, ಮಾವನ ಮೇಜಿನೆದುರು ಹೋಗಿ ಕೂತೆ. ಬೇರೆಯವರ ದನಿಯಲ್ಲಾದರೆ ಗಂಟೆಗಟ್ಟಲೆ ಮಾತಾಡುವವನಿಗೆ ನನ್ನದರಲ್ಲಿ ಒಂದು ವಾಕ್ಯ ಹೊರಡಲು ಎರಡು ಗ್ಲಾಸು ನೀರು ಬೇಕಾಯಿತು.

"ತಪ್ಪಾಯಿತು ಮಾವ. ಇನ್ನು ಆ ದನಿ ಮಾಡುವುದಿಲ್ಲ. ನೀವು ಮೊದಲಿನ ಹಾಗೆ ಮಾತಾಡಿ."

ಅವರು ಬಿಲ್ಲು ಚುಚ್ಚುವ ಕಂಬಿಯನ್ನು ಸರಿಮಾಡುತ್ತ ಹೇಳಿದರು: "ಅದು ನನ್ನದಲ್ಲ ಮಾರಾಯ. ಸಂಕಪ್ಪ ಮಾವನದ್ದು."

ಸಂಕಪ್ಪ ಎಂದರೆ ಅವರ ಸೋದರಮಾವ, ನಾನು ಕಾಣದವರು. ಸಣ್ಣವರಿರುವಾಗ ವಿಠಲ ಮಾವ ಹಟ್ಟಿಯ ಹಿಂದೆ ನಿಂತು ಅವರನ್ನು ಅಣಕಿಸಿ, ಹುಲ್ಲು ತರುವ ಹೆಂಗಸರನ್ನು ನಗಿಸುತ್ತಿದ್ದರಂತೆ. ನನಗೆ ಗಾಬರಿಯಾಯಿತು, ಮಂಗಾಟ ಕೂಡ ನನ್ನ ಸ್ವಂತದ್ದಲ್ಲ ಎಂದಾಯಿತು.

"ಅವರಿಗೆ ಗೊತ್ತಾಗಲಿಲ್ಲ," ಎಂದರು ಮಾವ. "ನಾನು ಅವರ ಎದುರು ಮಾಡಿದವನಲ್ಲ. ಅವರು ತೀರಿಹೋದ ಹದಿಮೂರನೆಯ ದಿನ ಬೊಜ್ಜದ ಊಟಕ್ಕೆ ಎಲೆ ಎಷ್ಟು ಹಾಕುವುದು ಅಂತ ಯಾರೋ ಕೇಳಿದರು. ಹೇಳಲಿಕ್ಕೆ ಬಾಯಿ ತೆಗೆದರೆ ಬಂದದ್ದು ಅವರ ದನಿ. ಅಂಗಳದಲ್ಲಿದ್ದ ನನ್ನ ಅಮ್ಮ ತಿರುಗಿ ನೋಡಿದಳು. ಮತ್ತೆ ನಾನು ಅದನ್ನು ಬಿಡಲಿಲ್ಲ."

"ಒಮ್ಮೆ ಹೇಳಿ ಮಾವ. ಇಲ್ಲಿ ಯಾರೂ ಇಲ್ಲ."

ಅವರು ಪ್ರಯತ್ನ ಮಾಡಿದರು. ಎದೆ ಸ್ವಲ್ಪ ಮೇಲೆ ಬಂತು, ತುಟಿ ಅಲ್ಲಾಡಿತು. ಮತ್ತೆ ನಕ್ಕುಬಿಟ್ಟರು. "ಬರುವುದಿಲ್ಲ ಮಾರಾಯ. ಉಸಿರು ಎಳೆಯುವಾಗಲೇ ನಿನ್ನ ಮುಖ ಕಾಣ್ತದೆ."

ಚಾ ತರಿಸಿಕೊಟ್ಟರು. ಬೈದಿದ್ದರೆ ಎದ್ದು ಬರಲು ಸುಲಭವಾಗುತ್ತಿತ್ತು.

ನಮ್ಮಲ್ಲಿ ಸೋದರಮಾವನದ್ದು ಅಳಿಯನಿಗೆ ಬರುವುದು ಹಿಂದಿನಿಂದ ಬಂದ ಕ್ರಮ. ಗದ್ದೆಗಳು ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರ ಡಿಕ್ಲರೇಶನ್ನಿನಲ್ಲಿ ಹೋದವು, ಮನೆ ಪಾಲಾಯಿತು. ಬರಲಿಕ್ಕೆ ಉಳಿದದ್ದು ಇದೊಂದೇ ಇರಬೇಕು. ನನ್ನ ಹಿಂದಿನವರೆಲ್ಲ, ಕೊಡುವವರು ಸಾಯುವವರೆಗೆ ಕಾದರು. ನಾನು ಮಾವನ ದನಿಯನ್ನು ಅವರು ಉಟ್ಟಿರುವಾಗಲೇ ಎಳೆದುಕೊಂಡೆ.

ಈಗ ನಾನು ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಓದುತ್ತೇನೆ. ಗೆಳೆಯರು ಕೇಳಿದರೆ ಎಲ್ಲರನ್ನೂ ಮಾಡಿ ತೋರಿಸುತ್ತೇನೆ, ಅದೊಂದನ್ನು ಬಿಟ್ಟು. ಆದರೂ ಮೊನ್ನೆ ಮೆಸ್ಸಿನಲ್ಲಿ ಸಾರು ಕೇಳುವಾಗ ತನ್ನಿಂದ ತಾನೇ ಉಸಿರು ಒಳಗೆ ಹೋಯಿತು, ಕೊನೆಯ ಪದ ಎರಡು ಸಲ ಬಂತು. ಬೆಚ್ಚಿ ಸುತ್ತ ನೋಡಿದೆ. ಒಬ್ಬರೂ ನಗಲಿಲ್ಲ. ಬಡಿಸುವವನು ತಲೆ ಎತ್ತದೆ ಸಾರು ಹಾಕಿ ಮುಂದೆ ಹೋದ. ನಾನು ಮಾತಾಡುವುದೇ ಹಾಗೆ ಎಂದುಕೊಂಡಿರಬೇಕು.