ಮೊಣಕಾಲೆತ್ತರದ ಫಲಕಗಳು
ಲುಸಾಕಾದ ಆ ಕೇರಿಯಲ್ಲಿ ಟೊಮೆಟೊ ಮಾರುವ ತಾಂಡಿವೆಗೆ ಅದೇ ಕೇರಿಯ ಕಸೊಂಡೆಯ ರೀತಿ ಅರ್ಥವೇ ಆಗುತ್ತಿರಲಿಲ್ಲ. ಮರೆವು ಹತ್ತಿದ ತಾಯಿ ದಿನವೂ ಮನೆದಾರಿ ತಪ್ಪಿ ಅಲೆಯುತ್ತಿದ್ದರೆ, ಮಗನಾದ ಇವನು ತಿರುವು ತಿರುವಿಗೆ ದಾರಿಫಲಕ ನೆಡುತ್ತಾನೆ. ಗುಂಡಿ ತೋಡುವ ಮುಂಚೆ ಸಿಕ್ಕವರನ್ನೆಲ್ಲ ನಿಲ್ಲಿಸಿ, ‘ನೀರಿನ ನಲ್ಲಿ ಎಡಕ್ಕೋ ಬಲಕ್ಕೋ?’ ಎಂದು ಕೇಳುತ್ತಾನೆ. ‘ಕಡಿದುಹಾಕಿದ್ರಲ್ಲ ಮಾವಿನಮರ, ಅಲ್ಲಿ ತಿರುಗ್ಬೇಕು,’ ಎನ್ನುತ್ತಾರೆ. ಇಲ್ಲದ ಆ ಮರವನ್ನೂ ಶ್ರದ್ಧೆಯಿಂದ ಫಲಕದಲ್ಲಿ ಬರೆಯುತ್ತಾನೆ. ನಲ್ಲಿ, ಆಸ್ಪತ್ರೆ, ಚರ್ಚು, ಯಾವ ಫಲಕವಾದರೂ ಕೆಳಗೊಂದು ಕೆಂಪು ಕೋಳಿ ಇರಲೇಬೇಕು. ಬಾಣ ಒಂದು ಕಡೆ, ಕೋಳಿಯ ಕೊಕ್ಕು ಇನ್ನೊಂದು ಕಡೆ. ಕೋಳಿ ಮಾರುತ್ತಾರೆಂದುಕೊಂಡು ಹೋದವರು ಬೈದುಕೊಂಡು ಬರುತ್ತಾರೆ. ಫಲಕಗಳೂ ಎಲ್ಲ ಮೊಣಕಾಲೆತ್ತರದಲ್ಲಿ. ‘ಏನಣ್ಣ, ಮೇಕೆಗಳಿಗೆ ಓದು ಕಲಿಸ್ತಿದ್ದೀಯಾ?’ ಎಂದು ತಾಂಡಿವೆ ಕೆಣಕಿದರೆ, ‘ಕಲಿತ್ರೆ ಒಳ್ಳೇದೇ ಅಲ್ವಾ ತಂಗಿ,’ ಎಂದು ಕಂಬದ ಬುಡದ ಮಣ್ಣು ತುಳಿಯುತ್ತಾನೆ. ಮೊನ್ನೆ ಬೆಳಿಗ್ಗೆ ಅವನ ತಾಯಿ ಒಬ್ಬಳೇ ಆ ದಾರಿಯಲ್ಲಿ ಬಂದಳು. ಬಾಗಿದ ಬೆನ್ನು, ನೆಲಕ್ಕೆ ನೆಟ್ಟ ಕಣ್ಣು. ತಾಂಡಿವೆ ಕೂಗುವಷ್ಟರಲ್ಲಿ ಮುದುಕಿ ಫಲಕದ ಮುಂದೆ ನಿಂತು, ಕೋಳಿಯನ್ನು ಮೆಲ್ಲಗೆ ಸವರಿ, ಕೊಕ್ಕು ತೋರಿದತ್ತ ನಡೆದಳು. ಆ ಕಡೆ ಇದ್ದದ್ದು ಕಸೊಂಡೆಯ ಮನೆ. ಮದುವೆಯಾಗಿ ಬಂದ ವರ್ಷ ಆ ಮುದುಕಿಯೇ ಅದರ ಬಾಗಿಲ ಮೇಲೆ ಕೆಂಪು ಕೋಳಿಯೊಂದನ್ನು ಬರೆದಿದ್ದಳು.